ಹೊಟ್ಟಿಗೆ ಏನ್ ಮಾಡ್ತಾನ?

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹೆಣ್ಣು ಕೊಡುವ ಮಾತುಕತೆಯಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. "ಹುಡುಗ ಏನ್ ಮಾಡ್ತಾನ್ರಿ?" ಗಂಡಿನ ಕಡೆಯ ಹಿರಿಯರು ಮೀಸೆಯ ಮೇಲೆ ಕೈಯಾಡಿಸಿ, "ಕುಸ್ತಿ ಹಿಡೀತಾನ್ರಿ. ಮೊನ್ನಿ ಜಾತ್ರ್ಯಾಗ ಸಾಂಗಲಿಯಾಂವನ್ನ ಚಿತ್ ಮಾಡಿದ" ಎನ್ನುತ್ತಾರೆ. ಹೆಣ್ಣಿನ ತಂದೆ ತಲೆದೂಗುತ್ತಾನೆ, ಚಹಾದ ಬಸಿ ಕೆಳಗಿಡುತ್ತಾನೆ, ಆಮೇಲೆ ಕೇಳುತ್ತಾನೆ: "ಅದು ಚಲೋ ಆತ್ರಿ. ಹೊಟ್ಟಿಗೆ ಏನ್ ಮಾಡ್ತಾನ?"

ಈ ಎರಡನೆಯ ಪ್ರಶ್ನೆಗೆ ಅಮೆರಿಕದವರೂ ಹೆದರುತ್ತಾರೆಂದು ತಿಳಿದಾಗ ನನಗೆ ಒಂಥರಾ ಸಮಾಧಾನವಾಯಿತು. ಅಲ್ಲಿ ಲ್ಯಾಕ್ರೋಸ್ ಅಂತ ಒಂದು ಆಟ. ಉದ್ದನೆಯ ಕೋಲು, ಅದರ ತುದಿಗೆ ಪುಟ್ಟ ಬಲೆ, ಗಟ್ಟಿ ರಬ್ಬರಿನ ಚೆಂಡು. ಬಲೆಯಲ್ಲೇ ಹಿಡಿಯಬೇಕು, ಬಲೆಯಿಂದಲೇ ಎಸೆಯಬೇಕು, ಎದುರಿನವನ ಕೋಲಿನ ಪೆಟ್ಟು ತಪ್ಪಿಸಿಕೊಂಡು ಗೋಲು ಹೊಡೆಯಬೇಕು. ಬಿಳಿಯರು ಅಲ್ಲಿಗೆ ಹೋಗುವ ಮೊದಲೇ ಉತ್ತರ ಅಮೆರಿಕದ ಮೂಲನಿವಾಸಿಗಳು ಇದನ್ನು ಆಡುತ್ತಿದ್ದರು. ಅವರಿಗೆ ಅದು ಬರೀ ಆಟವಲ್ಲ, ದೇವರಿಗೆ ಸಲ್ಲಿಸುವ ಸೇವೆ. ಎರಡು ಕುಲಗಳ ನಡುವಿನ ತಂಟೆ ಬಗೆಹರಿಸುವ ದಾರಿಯೂ ಹೌದು. 1904 ಮತ್ತು 1908ರ ಒಲಿಂಪಿಕ್ಸಿನಲ್ಲಿ ಪದಕಕ್ಕಾಗಿ ಆಡಿಸಿದರು, ಆಮೇಲೆ ಮೂಲೆಗೆ ಹಾಕಿದರು. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಮತ್ತೆ ಕರೆದಿದ್ದಾರೆ. ಆ ತೀರ್ಮಾನವಾದದ್ದು 2023ರ ಅಕ್ಟೋಬರಿನಲ್ಲಿ, ನಮ್ಮ ಮುಂಬಯಿಯಲ್ಲಿ ನಡೆದ ಒಲಿಂಪಿಕ್ ಸಮಿತಿಯ ಸಭೆಯಲ್ಲೇ. ಅದೇ ಸಭೆಯಲ್ಲಿ ಕ್ರಿಕೆಟ್ಟಿಗೂ ಬಾಗಿಲು ತೆರೆದದ್ದರಿಂದ ಉಳಿದ ಆಟಗಳ ಹೆಸರು ನಮ್ಮ ಕಿವಿಗೆ ಬೀಳಲಿಲ್ಲ, ಅಷ್ಟೇ.

ಈ ಲ್ಯಾಕ್ರೋಸಿನ ವೃತ್ತಿಪರ ಆಟಗಾರರು ಬಹಳ ಕಾಲ ಬದುಕಿದ ರೀತಿ ಹೀಗೆ: ಸೋಮವಾರದಿಂದ ಶುಕ್ರವಾರದವರೆಗೆ ಶಾಲೆಯಲ್ಲಿ ಪಾಠ, ಇಲ್ಲವೇ ಯಾವುದೋ ಕಚೇರಿಯಲ್ಲಿ ಕೆಲಸ, ಶನಿವಾರ ವಿಮಾನ ಹತ್ತಿ ಬೇರೆ ಊರಿಗೆ ಹೋಗಿ ಪಂದ್ಯ, ಸೋಮವಾರ ಮೈಕೈ ನೋವಿನೊಂದಿಗೆ ಮತ್ತೆ ಹಾಜರಿ. ಇದು ಸರಿಹೋಗಲಿಲ್ಲವೆಂದು ಪಾಲ್ ರೇಬಿಲ್ ಎಂಬ ಆಟಗಾರ ತನ್ನ ಅಣ್ಣನ ಜೊತೆ ಸೇರಿ ಹೊಸ ಲೀಗನ್ನೇ ಕಟ್ಟಿದ. 2019ರಲ್ಲಿ ಅದು ಶುರುವಾಯಿತು. ಸಂಬಳ ಹೆಚ್ಚಿಸುವುದು ಅದರ ಮೊದಲ ಮಾತಾಗಿತ್ತು. ಅಲ್ಲಿಯೂ ಯಾರೋ ಮಾವ ಚಹಾದ ಬಸಿ ಕೆಳಗಿಟ್ಟಿರಬೇಕು.

ನಮ್ಮಲ್ಲಿ ಲ್ಯಾಕ್ರೋಸ್ ಇಲ್ಲ. ಆಟವನ್ನೇ ಕಸುಬು ಮಾಡಿಕೊಂಡವನು ಎಂದರೆ ನಮ್ಮ ಸೀಮೆಗೆ ಪೈಲವಾನನೇ. ಕ್ರಿಕೆಟ್ಟಿಗೆ ಹಣ ಬರುವ ಮೊದಲು, ಕಬಡ್ಡಿಗೆ 2014ರಲ್ಲಿ ಲೀಗು ಬರುವ ಬಹಳ ಮೊದಲು, ಆಡಿದ್ದಕ್ಕೆ ರೊಕ್ಕ ಎಣಿಸಿಕೊಂಡು ಮನೆಗೆ ಹೋದವನು ಅವನು. ಆದರೆ ರೊಕ್ಕ ಎಷ್ಟು ಬಂತು ಎಂಬುದಕ್ಕಿಂತ ಅವನನ್ನು ಸಾಕಿದವರು ಯಾರು ಎಂಬ ಲೆಕ್ಕವೇ ನನಗೆ ಕುತೂಹಲ.

ಗೋಕಾಕದ ಕಡೆ ಗರಡಿಮನೆ ಎನ್ನುತ್ತಾರೆ, ಹುಕ್ಕೇರಿ ದಾಟಿದರೆ ತಾಲೀಮು ಎನ್ನುತ್ತಾರೆ. ಎಲ್ಲಿ ಹೋದರೂ ಬಾಗಿಲು ಗಿಡ್ಡ. ಎಂಥ ಎತ್ತರದ ಆಳೂ ತಲೆ ಬಾಗಿಸಿಯೇ ಒಳಗೆ ಬರಬೇಕು. ಗೋಡೆಯ ಮೇಲೆ ಮಾರುತಿ, ಕೆಳಗೆ ಕೆಂಪು ಮಣ್ಣು. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಲಿಂಬೆಹಣ್ಣಿನ ರಸ, ಅರಿಷಿಣ ಹಾಕಿ ಹದ ಮಾಡುತ್ತಾರೆ. ನಮ್ಮ ಸೀಮೆಯಲ್ಲಿ ಮನುಷ್ಯರಿಗೂ ಅಷ್ಟು ಪಥ್ಯ ನಡೆಯುವುದಿಲ್ಲ. ನಸುಕಿನಲ್ಲಿ ಎದ್ದು ಹುಡುಗರು ಆ ಮಣ್ಣನ್ನು ಸಲಿಕೆಯಿಂದ ಅಗೆದು ಮೆತ್ತಗೆ ಮಾಡಬೇಕು. ಅರ್ಧ ವ್ಯಾಯಾಮ ಅಲ್ಲೇ ಮುಗಿಯುತ್ತದೆ. ಆಮೇಲೆ ಸಪಾಟಿ, ಬೈಠಕು, ಹಗ್ಗ ಹತ್ತುವುದು, ಜೋಡಿ ಹಿಡಿಯುವುದು. ವಸ್ತಾದರು ಮೂಲೆಯಲ್ಲಿ ಕೂತು ಬಯ್ಯುತ್ತಿರುತ್ತಾರೆ. ಅವರು ಬಯ್ಯುವುದನ್ನು ನಿಲ್ಲಿಸಿದರೆಂದರೆ ಆ ಹುಡುಗನ ಮೇಲೆ ಆಸೆ ಬಿಟ್ಟರೆಂದೇ ಅರ್ಥ. ಮಧ್ಯಾಹ್ನ ಉಂಡು ಮಲಗುವುದೂ ಪೈಲವಾನನಿಗೆ ಕರ್ತವ್ಯ. ನಿದ್ದೆ ಮಾಡಿದ್ದಕ್ಕೆ ಮನೆಯವರು ಹೊಗಳುವ ಇನ್ನೊಂದು ಉದ್ಯೋಗವನ್ನು ನಾನಂತೂ ಕಂಡಿಲ್ಲ. ಕಂಡಿದ್ದರೆ ಅರ್ಜಿ ಹಾಕುತ್ತಿದ್ದೆ.

ಈಗ ಖುರಾಕಿನ ಮಾತು. ಬೆಳೆಯುವ ಪೈಲವಾನನಿಗೆ ಹಾಲು ಲೀಟರುಗಟ್ಟಲೆ, ತುಪ್ಪ, ಬದಾಮಿ ಅರೆದ ಥಂಡಾಯಿ, ತಿನ್ನುವ ಮನೆತನವಾದರೆ ತತ್ತಿ, ಮಟನ್ನು. ಗೋಕಾಕದ ಕರದಂಟು ಇವತ್ತು ಚಂದದ ಡಬ್ಬಿಯಲ್ಲಿ ಕೂತು ಬೆಂಗಳೂರಿನ ನೆಂಟರ ಮನೆಗೆ ಹೋಗುತ್ತದೆ. ಆದರೆ ಅಂಟು, ಒಣಕೊಬ್ಬರಿ, ಖಾರೀಕು, ಬೆಲ್ಲ ಕೂಡಿಸಿದ ಆ ತಿನಿಸಿನ ಮೇಲೆ ಮೊದಲ ಹಕ್ಕು ಇಬ್ಬರದ್ದು: ಬಾಣಂತಿಯದು, ಪೈಲವಾನನದು. ಒಬ್ಬಳು ಜೀವ ಕೊಟ್ಟು ದಣಿದವಳು, ಇನ್ನೊಬ್ಬ ಎದುರಿನವನ ಜೀವ ಹಿಂಡಿ ದಣಿದವನು.

ಖುರಾಕಿಗಾಗಿ ಮನೆಯಲ್ಲಿ ಒಂದು ಎಮ್ಮೆಯನ್ನೇ ಬೇರೆ ಕಟ್ಟುತ್ತಿದ್ದರು. ಅದು ಪೈಲವಾನನ ಎಮ್ಮೆ. ಅದರ ಹಾಲು ಡೇರಿಗೆ ಹೋಗುವಂತಿಲ್ಲ, ಚಹಾಕ್ಕೂ ಇಲ್ಲ. ಮೇವು ತರುವವಳು ಅವ್ವ, ಸಗಣಿ ಬಳಿಯುವವಳು ತಂಗಿ, ಹಾಲು ಕುಡಿಯುವವನು ಅಣ್ಣ. ತಂಗಿಗೆ ಮಜ್ಜಿಗೆ, ಅದೂ ನೀರು ಬೆರೆಸಿದ್ದು. ಜಾತ್ರೆಯ ಕಣದಲ್ಲಿ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕುಣಿಯುವಾಗ ಯಜಮಾನರೊಬ್ಬರು ಮೈಕು ಹಿಡಿದು ದಾನಿಗಳ ಹೆಸರು ಓದುತ್ತಾರೆ: ಇಂಥ ಗೌಡರು ಇಷ್ಟು, ಇಂಥ ಸಾವ್ಕಾರರು ಇಷ್ಟು. ಆ ಪಟ್ಟಿಯ ತಲೆಗೆ ಆ ತಂಗಿಯ ಹೆಸರು ಇರಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಅವಳು ಕುಸ್ತಿ ನೋಡುವಂತೆಯೂ ಇರಲಿಲ್ಲ. ಈಗ ಕಾಲ ತುಸು ಹೊರಳಿದೆ. ಮೈಸೂರು ದಸರಾದಲ್ಲಿ ಕೇಸರಿ, ಕುಮಾರ ಎಂಬ ಬಿರುದುಗಳ ಪಕ್ಕದಲ್ಲಿ ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಎಂಬುದೂ ಇದೆ. ಎಮ್ಮೆಯ ಹಾಲಿನಲ್ಲಿ ಎಷ್ಟು ಪಾಲು ಬಂತೋ, ಅದನ್ನು ಅವರೇ ಹೇಳಬೇಕು.

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಪೈಲವಾನನ ದುಡಿಮೆಯ ಕಾಲ. ಗೋಡೆಗೋಡೆಗೆ ಪೋಸ್ಟರು: "ಭವ್ಯ ಜಂಗಿ ನಿಕಾಲಿ ಕುಸ್ತಿಗಳು". ನಿಕಾಲಿ ಎಂದರೆ ಒಬ್ಬನ ಬೆನ್ನು ಮಣ್ಣಿಗೆ ಹತ್ತುವ ತನಕ ಬಿಡುವುದಿಲ್ಲ ಎಂಬ ಭರವಸೆ. ಆ ಭರವಸೆ ನಂಬಿ ಹೋದವರು ಸೂರ್ಯ ಮುಳುಗುವವರೆಗೆ ಇಬ್ಬರು ದಪ್ಪ ಆಳುಗಳು ಹಣೆಗೆ ಹಣೆ ಹಚ್ಚಿ ನಿಂತದ್ದನ್ನು ನೋಡಿ, ಕೊನೆಗೆ ಪಂಚರು "ಬರಾಬರಿ" ಎಂದು ಕೈ ಎತ್ತಿಸಿದ್ದನ್ನೂ ನೋಡಿ ಬಂದಿದ್ದಾರೆ. ಆಗ ಜನ ಎರಡು ಪಕ್ಷವಾಗುತ್ತಾರೆ. ಇಬ್ಬರೂ ಸರಿಸಮ ಎನ್ನುವವರು ಒಂದು ಕಡೆ, "ಮದಲ ಮಾತಾಡಕೊಂಡ ಬಂದಾರೋ" ಎನ್ನುವವರು ಇನ್ನೊಂದು ಕಡೆ. ಹಲಗೆಯವನು ಮಾತ್ರ ಪಕ್ಷಾತೀತ. ಅವನು ಎಲ್ಲರಿಗೂ ಬಾರಿಸುತ್ತಾನೆ.

ಚಿಕ್ಕ ಹುಡುಗರ ಕುಸ್ತಿಗೆ ತೆಂಗಿನಕಾಯಿ, ಹತ್ತಿಪ್ಪತ್ತು ರೂಪಾಯಿ. ಮೇಲೆ ಹೋದಂತೆ ಇನಾಮು ಏರುತ್ತದೆ; ಕೊನೆಯ ಜೋಡಿಗೆ ಬೆಳ್ಳಿ ಕಡಗವೋ ಗದೆಯೋ, ಜೊತೆಗೆ ದೊಡ್ಡ ರೊಕ್ಕ. ಆ ದೊಡ್ಡ ರೊಕ್ಕ ಕೇಳಿ ಹೊಟ್ಟೆಕಿಚ್ಚು ಪಡುವವರು, ಅದರಲ್ಲಿ ಟೆಂಪೋ ಬಾಡಿಗೆ, ಜೊತೆಗೆ ಬಂದ ಹುಡುಗರ ಊಟ, ಮುಂದಿನ ಮಳೆಗಾಲದ ಖುರಾಕು ಎಲ್ಲ ಕಳೆದು ನೋಡಬೇಕು. ಮಳೆಗಾಲದಲ್ಲಿ ಕಣವಿಲ್ಲ, ಗಳಿಕೆಯಿಲ್ಲ. ಹಸಿವು ಮಾತ್ರ ಹನ್ನೆರಡು ತಿಂಗಳೂ. ಮೊಳಕಾಲು ಒಮ್ಮೆ ತಿರುಚಿತೆಂದರೆ ಲೆಕ್ಕವೇ ಮುಗಿಯಿತು.

ಜಾತ್ರೆಯೆಂದ ಮೇಲೆ ಇನ್ನೊಂದು ಮಾತು ನೆನಪಾಗುತ್ತದೆ. ಹಗಲು ಕುಸ್ತಿ ನಡೆದ ಊರಿನಲ್ಲೇ ರಾತ್ರಿ ಶ್ರೀಕೃಷ್ಣ ಪಾರಿಜಾತದ ಬಯಲಾಟ. ಪಾರಿಜಾತಕ್ಕೆ ರೂಪು ಕೊಟ್ಟ ಕುಲಗೋಡ ತಮ್ಮಣ್ಣ, ಅದರಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮ ಇಬ್ಬರೂ ಮೂಡಲಗಿ ಬೇರೆ ತಾಲ್ಲೂಕಾಗುವ ಮುಂಚಿನ ಗೋಕಾಕ ಸೀಮೆಯವರೇ. ಆ ಕಲಾವಿದರದೂ ಇದೇ ಬದುಕು: ಸುಗ್ಗಿಯಿಂದ ಮಳೆಯವರೆಗೆ ಊರೂರು, ಆಮೇಲೆ ಕೈ ಕಟ್ಟಿ ಕೂರುವುದು. ನಮ್ಮ ಸೀಮೆ ತನ್ನ ರಂಜಕರನ್ನು ಎಂಟು ತಿಂಗಳು ತಲೆಯ ಮೇಲೆ ಹೊತ್ತು, ನಾಲ್ಕು ತಿಂಗಳು ಮರೆತೇಬಿಡುತ್ತದೆ.

ಮರೆಯದ ಒಬ್ಬ ದೊರೆ ಇದ್ದ. ಕೊಲ್ಲಾಪುರದ ಶಾಹೂ ಮಹಾರಾಜ. 1912ರಲ್ಲಿ ಅವನು ಕಟ್ಟಿಸಿ ಮುಗಿಸಿದ ಖಾಸಬಾಗ ಮೈದಾನ ಇಂದಿಗೂ ಪೈಲವಾನರ ಕಾಶಿ. ಸಂಕೇಶ್ವರದಲ್ಲಿ ನಿಂತರೆ ಬೆಳಗಾವಿಗೂ ಕೊಲ್ಲಾಪುರಕ್ಕೂ ಸುಮಾರಾಗಿ ಒಂದೇ ದೂರ. ಆದರೆ ಲಂಗೋಟಿ ಕಟ್ಟಿದ ನಮ್ಮ ಹುಡುಗರ ಕಾಲು ಹೊರಳಿದ್ದು ಕೊಲ್ಲಾಪುರಕ್ಕೆ. ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿದರೆ ಮೀರಜ, ಅಲ್ಲಿಂದ ಕೊಲ್ಲಾಪುರದ ಗಂಗಾವೇಶವೋ ಮೋತಿಬಾಗವೋ, ಯಾವುದಾದರೂ ತಾಲೀಮು. ಚಿಕ್ಕೋಡಿ ಕಡೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆ ಹಾಗೆ ಹೋದವರೇ. 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾಸಿಂಗನನ್ನು ಕೆಡವಿ ಹಿಂದ್ ಕೇಸರಿಯಾದರು, ಮಹಾರಾಷ್ಟ್ರ ಕೇಸರಿಯೂ ಆದರು. ಹುಟ್ಟಿದೂರು ಕರ್ನಾಟಕದಲ್ಲಿ, ಬಿರುದು ಮಹಾರಾಷ್ಟ್ರದ್ದು. ಗಡಿ ವಿವಾದದ ವಕೀಲರು ಈ ಕಡತವನ್ನು ಹೇಗೆ ಬಿಟ್ಟರೋ ಕಾಣೆ. 2020ರಲ್ಲಿ ತೀರಿಕೊಂಡಾಗ ಎರಡೂ ಕಡೆಯವರು ನಮ್ಮವರೆಂದು ಅತ್ತರು.

ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರ ಕಥೆ ಇನ್ನೂ ಸ್ವಾರಸ್ಯ. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಲು ರೊಕ್ಕವಿಲ್ಲ. ಕೊಲ್ಲಾಪುರದಲ್ಲಿ ಅವರು ಓದಿದ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದ ಜಾಧವರು ಮರಳಿ ಬಂದು ಮಾಡಿದ್ದೇನು? ಕುಸ್ತಿ ಏರ್ಪಡಿಸಿ, ತಾವೇ ಅಖಾಡಕ್ಕಿಳಿದು, ಬಂದ ಹಣದಲ್ಲಿ ಪ್ರಾಚಾರ್ಯರ ಮನೆ ಬಿಡಿಸಿದರು. ಮುಂದೆ ಪೊಲೀಸ್ ಇಲಾಖೆ ಸೇರಿದರು. ಅವರ ನಂತರ ಕುಸ್ತಿಯಲ್ಲಿ ಭಾರತಕ್ಕೆ ಇನ್ನೊಂದು ಒಲಿಂಪಿಕ್ ಪದಕ ಬರಲು 56 ವರ್ಷ ಹಿಡಿಯಿತು. ಮನೆ ಒತ್ತೆಯಿಡುವ ಪ್ರಾಚಾರ್ಯರು ಕಡಿಮೆಯಾದದ್ದೂ ಒಂದು ಕಾರಣವಿದ್ದೀತು.

ಈಗಿನ ಹುಡುಗರ ದಾರಿ ಮ್ಯಾಟಿನ ಮೇಲೆ. ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷ ವಿರಾಮ, ಅಂಕಗಳ ಲೆಕ್ಕ. ಮಣ್ಣಿನಲ್ಲಿ ಎದುರಾಳಿಯನ್ನು ದಣಿಸಿ ದಣಿಸಿ ಕೆಡವುವ ಹಳೆಯ ತಾಳ್ಮೆ ಅಲ್ಲಿ ಸೋಲಾಗುತ್ತದೆ. ಹಾಗೆಂದು ನಮ್ಮವರು ಹಿಂದೆ ಬಿದ್ದಿಲ್ಲ. ಬಾಗಲಕೋಟೆಯ ಅರ್ಜುನ ಹಲಕುರ್ಕಿ 2020ರ ಏಷ್ಯಾ ಚಾಂಪಿಯನ್‌ಷಿಪ್ಪಿನಲ್ಲಿ ಕಂಚು ತಂದ. ಮ್ಯಾಟಿನ ಮೇಲೆ ಗೆದ್ದರೆ ಪ್ರಮಾಣಪತ್ರ, ಪ್ರಮಾಣಪತ್ರವಿದ್ದರೆ ಕ್ರೀಡಾ ಕೋಟಾದಲ್ಲಿ ರೈಲ್ವೆ, ಸೈನ್ಯ, ಪೊಲೀಸು. ಮಾವನ ಎರಡನೆಯ ಪ್ರಶ್ನೆಗೆ ಕೊನೆಗೂ ಒಂದು ಉತ್ತರ ಸಿಕ್ಕಿತು. ಜಾತ್ರೆಯ ಮಣ್ಣಿಗೆ ಮಾತ್ರ ಆ ಕಾಗದ ಕೊಡಲು ಬರುವುದಿಲ್ಲ.

ಈ ಕಾಗದದ ಬೆಲೆ ಹಳಬರಿಗೆ ಗೊತ್ತಾಗುವುದು ಮುಪ್ಪಿನಲ್ಲಿ. ಮಾಜಿ ಕುಸ್ತಿಪಟುಗಳಿಗೆ ಸರಕಾರ ಮಾಸಾಶನ ಕೊಡುತ್ತದೆ. ಹುಕ್ಕೇರಿ ಕಡೆಯ ಹಿರಿಯ ಪೈಲವಾನರೊಬ್ಬರನ್ನು ಕೇಳಿದೆ: "ಕಾಕಾ, ನೀವೂ ಅರ್ಜಿ ಹಾಕೀರೇನ್ರಿ?" ಅವರು ಒಳಗಿನಿಂದ ಟ್ರಂಕು ಎಳೆದು ತಂದರು. ಪದರ ಪದರವಾಗಿ ಹಳೆಯ ಪೋಸ್ಟರು.

"ದಾಖಲಿ ತಾ ಅಂದ್ರು ತಮ್ಮಾ. ಕುಸ್ತ್ಯಾಗ ಮುರಿದ ಈ ಕಿವಿ ನೋಡ್ರಿ ಅಂದೆ, ಕಿವಿ ನಡಿಯಂಗಿಲ್ಲ ಅಂದ್ರು. ಅದಕ್ಕ ಇವನ್ನ ಒಯ್ದೆ. ನೋಡು, ನನ್ನ ಹೆಸರು ಎಷ್ಟ ದಪ್ಪ ಹಾಕ್ಯಾರ."

"ಹಾಕ್ಯಾರಲ್ರಿ. ಮತ್ತೇನಾತು?"

"ತಿಥಿ ಐತಿ, ವಾರ ಐತಿ, ಬಂದವರಿಗೆ ಹುಗ್ಗಿ ಊಟ ಐತಿ ಅಂತನೂ ಬರದಾರ. ಇಸವಿ ಒಂದ ಹಾಕಿಲ್ಲ. ಯಾವ ವರ್ಷದ್ದು ಅಂತ ಕೇಳ್ತಾನ ಸಾಹೇಬ. ಆ ವರ್ಷ ಜ್ವಾಳ ಭಾಳ ಚಲೋ ಬಂದಿತ್ತು ಅಂತ ಬರಕೊಟ್ರ ನಡೀತೈತೇನು, ನೀ ಶಾಣ್ಯಾ ಅದಿ, ಒಂದ ಸಲ ಕೇಳಿ ನೋಡು."