ಬಂದ ಚೆಂಡನ್ನು ನೋಡುವುದು

ನಾನು ಗುರುಮಠದಲ್ಲಿ ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ ಅಲ್ಲಿ ಕೆಮ್ಮಣ್ಣಿನ ಒಂದು ಟೆನಿಸ್ ಅಂಕಣವಿತ್ತು. ಸಂಜೆ ಎಲ್ಲರಿಗಿಂತ ಮೊದಲು ಅಲ್ಲಿಗೆ ಓಡಿ, ಹಳೆಯ ಚೆಂಡುಗಳ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನಾನು ಸರ್ವ್ ಅಭ್ಯಾಸ ಮಾಡುತ್ತಿದ್ದೆ. ಅದನ್ನು ಗಮನಿಸಿದ ಹಿರಿಯ ಗುರುಗಳೊಬ್ಬರು ಒಂದು ದಿನ, "ಹೊಡೆಯುವುದನ್ನು ಚೆನ್ನಾಗಿ ಕಲಿತಿದ್ದೀಯ. ಬಂದ ಚೆಂಡನ್ನು ನೋಡುವುದನ್ನು ಯಾವಾಗ ಕಲಿಯುತ್ತೀಯ?" ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ.

ಟೆನಿಸ್‌ನಲ್ಲಿ ಎದುರಾಳಿಯ ಹಂಗಿಲ್ಲದೆ ಆಡಬಹುದಾದ ಹೊಡೆತ ಸರ್ವ್ ಒಂದೇ. ಚೆಂಡು ನಮ್ಮ ಕೈಯಲ್ಲಿರುತ್ತದೆ. ದಿಕ್ಕು, ವೇಗ ಎರಡನ್ನೂ ನಾವೇ ನಿರ್ಧರಿಸುತ್ತೇವೆ. ಮೊದಲನೆಯದು ತಪ್ಪಿದರೆ ಎರಡನೆಯ ಅವಕಾಶವೂ ಉಂಟು. ಅಂಕಣದ ಉದ್ದ 78 ಅಡಿ. ಗಂಟೆಗೆ 200 ಕಿಲೋಮೀಟರ್ ವೇಗದ ಸರ್ವ್ ಎದುರಾಳಿಯನ್ನು ತಲುಪಲು ಅರ್ಧ ಸೆಕೆಂಡಿಗಿಂತ ಹೆಚ್ಚೇನೂ ಬೇಕಾಗದು. ಆದ್ದರಿಂದಲೇ ವೃತ್ತಿಪರ ಪುರುಷರ ಆಟದಲ್ಲಿ ಬಹುಪಾಲು ಗೇಮ್‌ಗಳು ಸರ್ವ್ ಮಾಡಿದವರ ಪಾಲಾಗುತ್ತವೆ.

ಆದರೆ ಸರ್ವ್ ಒಂದರಿಂದಲೇ ಪಂದ್ಯ ಮುಗಿಯುವುದೇ? 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೋಲಾ ಮಾಹು ಮೂರು ದಿನಗಳಲ್ಲಿ ಒಟ್ಟು 11 ಗಂಟೆ 5 ನಿಮಿಷ ಸೆಣಸಿದರು. ಇಸ್ನರ್ 113, ಮಾಹು 103 ಏಸ್‌ಗಳನ್ನು ಹೊಡೆದರು. ಇಬ್ಬರ ಸರ್ವ್‌ಗೂ ಸೋಲಿಲ್ಲದೆ ಕೊನೆಯ ಸೆಟ್ ಬೆಳೆಯುತ್ತಲೇ ಹೋಯಿತು. 69–68ರಲ್ಲಿ ಮಾಹು ಅವರ ಸರ್ವ್ ಮುರಿದಾಗಲೇ ಇಸ್ನರ್‌ಗೆ ಜಯ ದಕ್ಕಿತು. ಅಷ್ಟು ಹೊತ್ತು ಇಬ್ಬರನ್ನೂ ಉಳಿಸಿದ್ದು ಸರ್ವ್. ಕೊನೆಗೆ ಗೆಲ್ಲಿಸಿದ್ದು ರಿಟರ್ನ್.

ರಿಟರ್ನ್ ಮಾಡುವವರ ಬಂಡವಾಳವೆಂದರೆ ಗಮನ. ಬೋರಿಸ್ ಬೆಕರ್ 1985ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ವಿಂಬಲ್ಡನ್ ಗೆದ್ದವರು. ಅವರೆದುರು ಆಂಡ್ರೆ ಅಗಾಸಿ ಮೊದಲ ಮೂರು ಪಂದ್ಯಗಳನ್ನೂ ಸೋತರು. ಬಳಿಕ ಬೆಕರ್ ಆಟದ ದೃಶ್ಯಗಳನ್ನು ಮತ್ತೆ ಮತ್ತೆ ನೋಡಿ ತಾವೊಂದು ಗುಟ್ಟು ಕಂಡುಕೊಂಡುದಾಗಿ ಅಗಾಸಿ ಮುಂದೆ ಹೇಳಿಕೊಂಡರು. ಚೆಂಡನ್ನು ಮೇಲೆಸೆಯುವಾಗ ಬೆಕರ್ ನಾಲಿಗೆ ಹೊರಚಾಚುತ್ತಿದ್ದರಂತೆ. ಅದು ಯಾವ ಕಡೆಗೆ ವಾಲಿತೆಂಬುದೇ ಸರ್ವ್ ಬರುವ ದಿಕ್ಕಿನ ಸುಳಿವು. ಆ ಮೇಲೆ ಗೆಲುವಿನ ತಕ್ಕಡಿ ಅಗಾಸಿಯವರ ಕಡೆಗೇ ವಾಲಿತು.

2019ರ ವಿಂಬಲ್ಡನ್ ಫೈನಲ್ ಪಂದ್ಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ರೋಜರ್ ಫೆಡರರ್ 25 ಏಸ್‌ಗಳನ್ನು ಹೊಡೆದರು. ಐದನೆಯ ಸೆಟ್‌ನಲ್ಲಿ 8–7ರ ಮುನ್ನಡೆ, ತಮ್ಮದೇ ಸರ್ವ್, 40–15. ಪ್ರಶಸ್ತಿಗೆ ಬೇಕಾದದ್ದು ಒಂದೇ ಪಾಯಿಂಟ್. ನೊವಾಕ್ ಜೊಕೊವಿಚ್ ಆ ಎರಡೂ ಅವಕಾಶಗಳನ್ನು ತಪ್ಪಿಸಿ, ಸರ್ವ್ ಮುರಿದು, ಕೊನೆಗೆ ಪಂದ್ಯವನ್ನೇ ಗೆದ್ದರು. ಒಟ್ಟು ಪಾಯಿಂಟ್‌ಗಳಲ್ಲಿ ಫೆಡರರ್ 218–204ರಿಂದ ಮುಂದಿದ್ದರು. ಹೆಚ್ಚು ಗಳಿಸಿದವರು ಸೋತರು; ತಕ್ಕ ಗಳಿಗೆಯಲ್ಲಿ ಉತ್ತರಿಸಿದವರು ಗೆದ್ದರು.

ಮಾತೇ ನನ್ನ ನಿತ್ಯದ ಕಾಯಕ. ಮೊದಲ ಮಾತು ನನ್ನದೇ ಆಗಿರುವುದು ನನಗೆ ರೂಢಿ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನನ್ನ ತಮ್ಮ ಕರೆ ಮಾಡಿ, ಮಗ ಕಾಲೇಜು ಬಿಟ್ಟನೆಂದು ಹೇಳತೊಡಗಿದ. ಅವನು ಎರಡು ವಾಕ್ಯ ಮುಗಿಸುವಷ್ಟರಲ್ಲಿ ನಾನು ಬುದ್ಧಿವಾದ ಆರಂಭಿಸಿದೆ. ಶಿಸ್ತು, ಸಹವಾಸ, ಮೊಬೈಲು, ಯಾವುದನ್ನೂ ಬಿಡಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡ ಅವನು, "ಅಣ್ಣಾ, ನಾನಿನ್ನೂ ಹೇಳಿ ಮುಗಿಸಿರಲಿಲ್ಲ" ಎಂದಷ್ಟೇ ಹೇಳಿ ಫೋನ್ ಇಟ್ಟ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿರಿಯ ಗುರುಗಳು ಕೇಳಿದ್ದ ಪ್ರಶ್ನೆ ಎಷ್ಟೋ ವರ್ಷಗಳ ನಂತರ ನೆನಪಾಯಿತು. ಎರಡು ದಿನ ಬಿಟ್ಟು ತಮ್ಮನ ಮನೆಗೆ ಹೋಗಿ, ಏನೂ ಹೇಳದೆ ಅವನ ಎದುರು ಕುಳಿತೆ. ಬಹಳ ಹೊತ್ತಿನ ಮೇಲೆ ಅವನು ಬಾಯಿ ಬಿಟ್ಟ. ಅವನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಅಪ್ಪನ ಕಷ್ಟ ನೋಡಲಾರದೆ ಹುಡುಗ ತಾನೇ ಓದು ಬಿಟ್ಟು ದುಡಿಯಲು ಹೊರಟಿದ್ದ. ಅಂಥ ಮಗನ ಕುರಿತು ನಾನು ಶಿಸ್ತಿನ ಪಾಠ ಹೇಳಿದ್ದೆ.

ಓದುಗರೇ, ನಿಮ್ಮ ಮನೆಯಲ್ಲಿಯೂ ಯಾರಾದರೂ ಹೇಳಲು ಬಂದು, ಹೇಳಿ ಮುಗಿಸದೆ ಎದ್ದು ಹೋಗಿರಬಹುದು. ಇಂದಿನ ರಾತ್ರಿಯ ಊಟದ ಹೊತ್ತಿನಲ್ಲಿ ಒಮ್ಮೆ ಗಮನಿಸಿ ನೋಡಿ. ನಾನಂತೂ ಈಗ ಯಾರಾದರೂ ಮಾತು ತೆಗೆದಾಗ, ಬೇಸ್‌ಲೈನಿನಿಂದ ಒಂದು ಹೆಜ್ಜೆ ಹಿಂದೆ ನಿಂತು ಚೆಂಡನ್ನು ಕೊನೆಯವರೆಗೂ ನೋಡಲು ಯತ್ನಿಸುತ್ತೇನೆ. ಈ ವಯಸ್ಸಿನ ಕಲಿಕೆ. ಈಗಲೂ ಕೆಲವೊಮ್ಮೆ ತಪ್ಪುತ್ತದೆ.