ದುರ್ಯೋಧನನ ಸಾವು ಬಾಕಿ

ನಮ್ಮ ಕಡೆ ಗಂಡಸಿಗೆ ಎರಡು ಹೆಸರು. ಒಂದು ರೇಷನ್ ಕಾರ್ಡಿನದು, ಇನ್ನೊಂದು ನಾಟಕದ್ದು. ಯಾವತ್ತೋ ಒಂದು ರಾತ್ರಿ ಶಕುನಿ ಪಾತ್ರ ಹಾಕಿದವನು ಮಣ್ಣಿಗೆ ಹೋಗುವ ತನಕ ಶಕುನಿಯಣ್ಣನೇ. ಅವನ ಮಗಳನ್ನು ನೋಡಲು ಬಂದವರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ‘ಶಕುನಿ ಮನೆ ಎಲ್ಲಪ್ಪಾ’ ಎಂದು ಕೇಳಿದರೇ ದಾರಿ ಸಿಗುವುದು. ಹಾಗೆ ನಮ್ಮೂರಲ್ಲಿ ಒಬ್ಬ ಎರಡನೇ ದುರ್ಯೋಧನ ಇದ್ದ. ಅವನ ಕಥೆ ಹೇಳುತ್ತೇನೆ.

ಊರು ಇರುವುದು ತಿಪಟೂರಿಗೂ ತುರುವೇಕೆರೆಗೂ ನಡುವೆ, ತೆಂಗಿನ ತೋಟಗಳ ಮಧ್ಯೆ. ಒಂದು ಹೈಸ್ಕೂಲು, ಒಂದು ಸಂತೆ ಮೈದಾನ, ಎರಡು ಹೋಟೆಲು, ಸೊಸೈಟಿಯ ಗೋಡೌನು. ಹಳ್ಳಿ ಎಂದರೆ ನಮ್ಮವರಿಗೆ ಸಿಟ್ಟು, ಪಟ್ಟಣ ಎಂದರೆ ತಿಪಟೂರಿನವರಿಗೆ ನಗು. ರಾಗಿ ಒಕ್ಕಿ ಕಣ ಖಾಲಿಯಾದರೆ ಮೊದಲ ಮಳೆ ಬೀಳುವ ತನಕ ಹೊಲದಲ್ಲಿ ಕೆಲಸವಿಲ್ಲ. ಏಪ್ರಿಲ್ 10ಕ್ಕೆ ಪಾಸು-ಫೇಲು ಗೊತ್ತಾಗಿ ಶಾಲೆಗೆ ಬೀಗ ಬಿದ್ದರೆ ನಾವು ಹುಡುಗರು ತೋಟದ ಬಾವಿಗಳಿಗೆ ಬೀಳುತ್ತಿದ್ದೆವು. ಈಜು ಬಾರದವನ ಬೆನ್ನಿಗೆ ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಕಟ್ಟಿ ತಳ್ಳಿದರೆ ಪಾಠ ಮುಗಿಯಿತು. ಹೆಂಗಸರು ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಅಳಗುಳಿ ಮಣೆ ಹಾಕಿಕೊಂಡು ಕೂರುವರು. ಸಂತೆ ಮೈದಾನದಲ್ಲಿ ಟೂರಿಂಗ್ ಟಾಕೀಸಿನ ಡೇರೆ. ನೆಲದ ಮೇಲೆ ಕೂತು, ಹಿಂದಿನವನ ಕಾಲು ಬೆನ್ನಿಗೆ ತಗುಲುತ್ತಿರುವಾಗಲೇ ರಾಜ್‌ಕುಮಾರ್ ಪಿಕ್ಚರ್ ನೋಡಬೇಕು. ಇದೆಲ್ಲ ಇತ್ತು. ಆದರೆ ಊರಿನ ಅಸಲಿ ಬೇಸಿಗೆ ಶುರುವಾಗುತ್ತಿದ್ದುದು ಹಾರ್ಮೋನಿಯಂ ಮೇಷ್ಟ್ರು ಬಸ್ಸಿಳಿದ ದಿನ.

ಪೌರಾಣಿಕ ನಾಟಕದಲ್ಲಿ ಪಾತ್ರ ಪುಕ್ಕಟೆ ಸಿಗುವುದಿಲ್ಲ ಎಂದರೆ ಬೆಂಗಳೂರಿನ ಸ್ನೇಹಿತರು ನಂಬುವುದಿಲ್ಲ. ನಟನೆಗೆ ಸಂಬಳ ಕೊಡುವುದು ಅವರಿಗೆ ಗೊತ್ತು, ನಟಿಸುವುದಕ್ಕೆ ದುಡ್ಡು ಕಟ್ಟುವುದು ಗೊತ್ತಿಲ್ಲ. ತುಮಕೂರಿನಿಂದ ಬರುವ ಸೀನರಿ, ಮೈಕ್‌ಸೆಟ್ಟು, ಮೇಕಪ್ಪಿನವರು, ಸ್ತ್ರೀಪಾತ್ರಕ್ಕೆ ಬರುವ ಕಲಾವಿದೆಯರು, ಮೇಷ್ಟ್ರ ಸಂಭಾವನೆ, ಇಷ್ಟೂ ಖರ್ಚನ್ನು ಪಾತ್ರಗಳ ಮೇಲೆ ಹಂಚುತ್ತಾರೆ. ‘ಕುರುಕ್ಷೇತ್ರ’ದಲ್ಲಿ ಕೃಷ್ಣ ಮತ್ತು ದುರ್ಯೋಧನ ಎಲ್ಲಕ್ಕಿಂತ ದುಬಾರಿ. ಧರ್ಮರಾಯ ಅಗ್ಗ. ಧರ್ಮಕ್ಕೆ ನಮ್ಮೂರಲ್ಲಿ ಯಾವತ್ತೂ ಅಷ್ಟು ಗಿರಾಕಿ ಇರಲಿಲ್ಲ. ದುಬಾರಿ ಪಾತ್ರಕ್ಕೆ ಆಸೆ ಪಟ್ಟವರು ಹೆಚ್ಚಾದಾಗ ಪಾತ್ರವನ್ನೇ ಎರಡು ಪಾಲು ಮಾಡುವುದು ರೂಢಿ. ದರ್ಬಾರು, ಕೃಷ್ಣ ಸಂಧಾನ ಮೊದಲನೇ ದುರ್ಯೋಧನನಿಗೆ. ಯುದ್ಧ ಸೋತು, ಕೊಳದಲ್ಲಿ ಅಡಗಿ, ಗದಾಯುದ್ಧದಲ್ಲಿ ತೊಡೆ ಮುರಿಸಿಕೊಂಡು ಸಾಯುವುದು ಎರಡನೆಯವನಿಗೆ.

1989ರಲ್ಲಿ ಮೊದಲನೇ ದುರ್ಯೋಧನನ ಪಾತ್ರ ಕೊಬ್ಬರಿ ವ್ಯಾಪಾರಿಯೊಬ್ಬರ ಪಾಲಾಯಿತು. ದೊಡ್ಡ ಆಳು, ದೊಡ್ಡ ಹೊಟ್ಟೆ, ದೊಡ್ಡ ಬಂಧುಬಳಗ. ಎರಡನೆಯದನ್ನು ಹಿಡಿದವನು ಒಂದು ಸಣ್ಣ ತೋಟ, ಒಂದಿಷ್ಟು ಹೊಲ ಇದ್ದ ಸಣಕಲ. ಆದರೆ ಶಾರೀರ ಕೇಳಬೇಕಿತ್ತು. ತೋಟದಲ್ಲಿ ನೀರು ಹಾಯಿಸುತ್ತ ಒಂದು ಎಳೆದನೆಂದರೆ ರಸ್ತೆಯಲ್ಲಿ ಹೋಗುವ ಗಾಡಿಯವನು ಎತ್ತು ನಿಲ್ಲಿಸುತ್ತಿದ್ದ. ಪಾತ್ರಕ್ಕೆ ಕಟ್ಟಲು ಅವನಲ್ಲಿ ಇದ್ದದ್ದು ಅಟ್ಟದ ಮೇಲಿನ ಕಾಯಿ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ಒಣಗಬೇಕು. ಒಳಗಿನ ನೀರೆಲ್ಲ ಆರಿ, ಅಲ್ಲಾಡಿಸಿದರೆ ಗಿಟುಕು ಗಡಗಡ ಎನ್ನಬೇಕು. ಇವನು ಅಷ್ಟು ದಿನ ಕಾಯದೆ ಯುಗಾದಿಗೆ ಮುಂಚೆಯೇ ಅಟ್ಟ ಇಳಿಸಿದ. ಹಸಿ ಇದೆ ಎಂದು ಮಂಡಿಯಲ್ಲಿ ರೇಟು ಮುರಿದರು. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನದಿಂದ ಪ್ರಾಕ್ಟೀಸಿಗೆ ಹೊರಟವನ ಕೈಗೆ ಮೆಣಸಿನ ಕಷಾಯದ ಚೊಂಬು ಅವಳೇ ಕೊಡತೊಡಗಿದಳು.

ಪ್ರಾಕ್ಟೀಸು ಬಸವಣ್ಣನ ಗುಡಿಯ ಅಂಗಳದಲ್ಲಿ, ರಾತ್ರಿ ಊಟವಾದ ಮೇಲೆ. ಮೇಷ್ಟ್ರು ಗುಬ್ಬಿ ಕಡೆಯವರು. ಆ ಊರಿನ ಹೆಸರು ಹೇಳಿದರೆ ಸಾಕು, ಅರ್ಹತೆಯ ಪತ್ರ ಬೇರೆ ಬೇಡ. 1884ರಲ್ಲಿ ಹುಟ್ಟಿದ ಕಂಪನಿ, ಅದನ್ನು ಬೆಳೆಸಿದ ಗುಬ್ಬಿ ವೀರಣ್ಣನವರು, 1934ರ ಅವರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದದ್ದು, ಇದೆಲ್ಲ ಮೇಷ್ಟ್ರ ಬಾಯಲ್ಲಿ ನಿನ್ನೆ ನಡೆದ ಹಾಗೆ ಬರುತ್ತಿತ್ತು. ತಾನು ಹುಡುಗನಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅದನ್ನು ನೋಡಿದೆ ಎನ್ನುತ್ತಿದ್ದರು. ಆನೆ ಯಾವ ಕಡೆಯಿಂದ ಬಂತು ಎಂಬುದು ಮಾತ್ರ ಪ್ರತಿ ರಾತ್ರಿ ಬದಲಾಗುತ್ತಿತ್ತು. ಬೀಡಿ ಆರಿಸಿ, ಕಾಲು ಹಾರ್ಮೋನಿಯಂ ಒತ್ತಿ ಶ್ರುತಿ ಹಿಡಿದರೆ ಆಮೇಲೆ ಕೊಬ್ಬರಿ ವ್ಯಾಪಾರಿಯೂ ಒಂದೇ, ಕೂಲಿಯವನೂ ಒಂದೇ. ತಾಳ ತಪ್ಪಿದವನ ಬೆನ್ನಿಗೆ ಬೆತ್ತ. ತಮ್ಮ ಅಂಗಡಿಯಲ್ಲಿ ಯಾರನ್ನೂ ಕೂರಿಸದ ವ್ಯಾಪಾರಿ ಇಲ್ಲಿ ಪದ್ಯ ಮರೆತು ಎಲ್ಲರೆದುರು ತಲೆ ತಗ್ಗಿಸಿ ನಿಲ್ಲುವುದನ್ನು ನೋಡಲೆಂದೇ ಅರ್ಧ ಊರು ಗುಡಿಯ ಮುಂದೆ ಸೇರುತ್ತಿತ್ತು. ಹೀಗೆ ನೋಡಿ ನೋಡಿ ನಾಟಕ ಎಲ್ಲರಿಗೂ ಬಾಯಿಪಾಠ. ಹೋಟೆಲಿನಲ್ಲಿ ದೋಸೆ ತಡವಾದರೆ ಗಿರಾಕಿ ಸಂಧಾನದ ಕೃಷ್ಣನ ಮಾತಲ್ಲೇ ದಬಾಯಿಸುವನು.

ಆ ವರ್ಷ ಒಂದು ಹೊಸ ತಕರಾರಿತ್ತು. ಹಿಂದಿನ ಅಕ್ಟೋಬರಿನಿಂದ ದೂರದರ್ಶನದಲ್ಲಿ ‘ಮಹಾಭಾರತ’ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಮಂಡಲ ಪಂಚಾಯ್ತಿ ಕಚೇರಿಯ ಟಿವಿ ಮುಂದೆ ಚಾಪೆ ಹಾಸಿ ಜನ ಕೂರುವರು. ಹಿಂದಿ ಅರ್ಥವಾಗದಿದ್ದರೇನು, ಕಥೆ ನಮ್ಮದೇ. ಆದರೆ ಭೀಮನ ಪಾತ್ರದವನು ಟಿವಿಯಲ್ಲಿರುವಂಥ ಗದೆಯೇ ಬೇಕು ಎಂದು ಹಟ ಹಿಡಿದ. ಮೇಷ್ಟ್ರು ಒಂದೇ ಮಾತು ಕೇಳಿದರು: “ಅವನು ಗದೆ ಹಿಡ್ಕಂಡು ಕಂದಪದ್ಯ ಹೇಳ್ತಾನೇನಪ್ಪ?” ಭೀಮ ತೆಪ್ಪಗಾದ.

ಇನ್ನೊಂದು ತಕರಾರು ಬೆಂಗಳೂರಿನಿಂದಲೇ ಬಂತು. ಪಾಂಪ್ಲೆಟ್ಟಿನಲ್ಲಿ ಉದ್ಘಾಟಕರ ಹೆಸರಿನ ಮುಂದೆ ‘ಜನಪ್ರಿಯ ಶಾಸಕರು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಏಪ್ರಿಲ್ 21ಕ್ಕೆ ಬೊಮ್ಮಾಯಿ ಸರ್ಕಾರ ವಜಾ ಆಗಿ, ವಿಧಾನಸಭೆ ವಿಸರ್ಜನೆಯಾಗಿ, ರಾಷ್ಟ್ರಪತಿ ಆಳ್ವಿಕೆ ಬಂತು. ಅಚ್ಚು ಮಾಡಿಸಿದ ಪಾಂಪ್ಲೆಟ್ಟನ್ನೆಲ್ಲ ಎಸೆಯುವುದುಂಟೇ? ನಾವು ಹುಡುಗರು ಕೂತು ಒಂದೊಂದಕ್ಕೂ ಪೆನ್ನಿನಲ್ಲಿ ‘ಮಾಜಿ’ ಸೇರಿಸಿದೆವು. ಅದು ‘ಮಾಜಿ ಜನಪ್ರಿಯ ಶಾಸಕರು’ ಎಂದಾಯಿತು. ಆ ಮನುಷ್ಯ ಕೊನೆಗೂ ಬರಲಿಲ್ಲ.

ನಾಟಕ ಮೇ ತಿಂಗಳ ಮೊದಲ ಶನಿವಾರ. ಸೂರ್ಯ ಮುಳುಗುವ ಮುಂಚೆಯೇ ಸಂತೆ ಮೈದಾನದಲ್ಲಿ ಚಾಪೆ, ಗೋಣಿತಾಟು ಹಾಸಿ ಜಾಗ ಹಿಡಿದಾಗಿತ್ತು. ಮುಂದೆ ಯಾರು, ಹಿಂದೆ ಯಾರು, ಕೇರಿಯವರು ಯಾವ ಅಂಚಿನಲ್ಲಿ ಎಂದು ಯಾರೂ ಹಗ್ಗ ಕಟ್ಟಿರಲಿಲ್ಲ. ಕಟ್ಟುವ ಅಗತ್ಯವೇ ಬೀಳದ ಹಾಗೆ ಅದು ಎಲ್ಲರಿಗೂ ಗೊತ್ತಿತ್ತು. ಪಕ್ಕದ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ನೆಂಟರು ಬಂದಿದ್ದರು. ಕಡಲೆಪುರಿ, ಬಜ್ಜಿ, ಸೋಡಾ ಅಂಗಡಿಗಳು. ನನಗೆ ಸೈಡ್‌ವಿಂಗಿನಲ್ಲಿ ಕೆಲಸ: ಪ್ರಾಂಪ್ಟಿಂಗ್ ಮಾಡುವವರ ಪುಸ್ತಕಕ್ಕೆ ಟಾರ್ಚ್ ಹಿಡಿಯುವುದು. ಹಾಗಾಗಿ ಎರಡೂ ಕಡೆಯ ನಾಟಕ ಕಾಣುತ್ತಿತ್ತು.

ಪರದೆಯ ಹಿಂದೆ ಎರಡನೇ ದುರ್ಯೋಧನ ರಾತ್ರಿ ಎಂಟಕ್ಕೇ ಬಣ್ಣ ಬಳಿಸಿಕೊಂಡು, ಕಿರೀಟ ಇಟ್ಟುಕೊಂಡು ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದ. ಅವನ ಸರದಿ ಬರುವುದು ಬೆಳಗಿನ ಜಾವ. ಆದರೂ ಆಗಲೇ ಸಿದ್ಧ. ಅಂಟಿಸಿದ ಮೀಸೆ ಬಿಟ್ಟೀತೆಂದು ಕಾಫಿ ಕುಡಿಯಲಿಲ್ಲ, ನಗಲಿಲ್ಲ.

ಮುಂದೆ ಮೊದಲನೆಯವನ ದರ್ಬಾರು ಜಮಾಯಿಸಿತ್ತು. ಅವನು ಒಂದು ಹಾಡು ಮುಗಿಸಿದ ಕೂಡಲೇ ಮೈಕಿನಲ್ಲಿ ಮುಯ್ಯಿಯ ಕೂಗು: ಇವರ ಬಾವಮೈದುನರಿಂದ ಬೆಳ್ಳಿ ಉಂಗುರ, ಸೋದರಮಾವನವರಿಂದ 101 ರೂಪಾಯಿ, ಕೊಬ್ಬರಿ ವರ್ತಕರಿಂದ ನೋಟಿನ ಹಾರ. ಒಬ್ಬೊಬ್ಬರೂ ರಂಗಕ್ಕೆ ಹತ್ತಿ, ಹಾರ ಹಾಕಿ, ಫೋಟೋಕ್ಕೆ ನಿಂತು ಇಳಿಯಬೇಕು. ಕೃಷ್ಣ ಸಂಧಾನಕ್ಕೆ ಬಂದವನು ಕೊಳಲು ಹಿಡಿದು ಒಂಟಿಕಾಲಲ್ಲಿ ಕಾಯುತ್ತ ನಿಂತ. ಮುಯ್ಯಿ ಎಂದರೆ ಮೆಚ್ಚಿಗೆ ಅಂದುಕೊಂಡೀರಿ; ಅದು ಸಾಲ. ಇವತ್ತು ನನಗೆ ಹಾಕಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ನಾಳೆ ನಿನ್ನ ಮಗ ಅಭಿಮನ್ಯು ಹಾಕಿದಾಗ ನಾನು ತೀರಿಸಬೇಕು. ಎರಡನೇ ದುರ್ಯೋಧನ ಅರಸೀಕೆರೆ ಕಡೆಯ ತನ್ನ ಮಾವನ ಊರಿಗೆ ಹೋಗಿ ಎಷ್ಟೋ ನಾಟಕಗಳಲ್ಲಿ ಮುಯ್ಯಿ ಹಾಕಿ ಬಂದಿದ್ದ. ಈಗ ಮಾವ ಉಂಗುರ, ಹಾರ, ಹತ್ತಾರು ಜನರ ಸಮೇತ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಲೆಕ್ಕ ಚುಕ್ತಾ ಆಗುವ ರಾತ್ರಿ ಅದು.

ಎರಡು ಗಂಟೆ ಹೊತ್ತಿಗೆ ಸಂಧಾನ ಇನ್ನೂ ಮುರಿದಿರಲಿಲ್ಲ. ದುರ್ಯೋಧನ ಕೃಷ್ಣನನ್ನು ಕಟ್ಟಿಹಾಕಿ ಎಂದು ಅಬ್ಬರಿಸುವುದಕ್ಕೂ ಮೂಡಲ ದಿಕ್ಕಿನಲ್ಲಿ ಗುಡುಗುವುದಕ್ಕೂ ಸರಿಹೋಯಿತು. ಜನ ಅದನ್ನು ಮೈಕ್‌ಸೆಟ್ಟಿನವನ ಕರಾಮತ್ತು ಎಂದುಕೊಂಡು ಶಿಳ್ಳೆ ಹಾಕಿದರು. ಎರಡನೇ ಸಲ ಗುಡುಗಿದಾಗ ಗಾಳಿಯೂ ಬಂತು. ಭರಣಿ ಮಳೆ! ದರ್ಬಾರು ಸೀನಿನ ಪರದೆ ಕಂಬ ಸಮೇತ ಎದ್ದು ರಂಗದ ಮೇಲೆ ಬಿತ್ತು. ಕರೆಂಟು ಹೋಯಿತು. ಕತ್ತಲಲ್ಲಿ ಸಾವಿರ ಜನ ಒಟ್ಟಿಗೆ ಮಕ್ಕಳ ಹೆಸರು ಕೂಗಿದರು. ಮೇಷ್ಟ್ರು ಮೊದಲು ಹಾರ್ಮೋನಿಯಂ ಅಪ್ಪಿಕೊಂಡರು, ಆಮೇಲೆ ಸಹಾಯಕ್ಕೆ ಕೂಗಿದರು. ದ್ರೌಪದಿ ಪಾತ್ರಕ್ಕೆ ತುಮಕೂರಿನಿಂದ ಬಂದಿದ್ದಾಕೆ ಇಂಥ ರಾತ್ರಿ ಎಷ್ಟು ನೋಡಿದ್ದರೋ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಡವೆ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು, ಎಲ್ಲರಿಗಿಂತ ಮುಂಚೆ ಶಾಲೆಯ ಜಗಲಿ ಸೇರಿ ‘ಈ ಕಡೆ ಬನ್ನಿ, ಈ ಕಡೆ’ ಎಂದು ಕೂಗುತ್ತಿದ್ದರು. ಬೆಳಿಗ್ಗೆ ಪೂರ್ತಿ ಸಂಭಾವನೆ ಎಣಿಸಿಕೊಂಡೇ ಬಸ್ಸು ಹತ್ತಿದರು, ಸರಿಯಾಗೇ ಮಾಡಿದರು.

ಹೈಸ್ಕೂಲಿನ ಜಗಲಿ, ಕೋಣೆಗಳು ತುಂಬಿಹೋದವು. ಮೈದಾನದಲ್ಲಿ ಹಗ್ಗವಿಲ್ಲದೇ ನಿಂತಿದ್ದ ಗೆರೆಗೆ ಆ ಜಗಲಿಯಲ್ಲಿ ಜಾಗ ಇರಲಿಲ್ಲ. ಬೆಳಗಾದ ಮೇಲೆ ಅದು ವಾಪಸು ಬಂತು, ಸುಳ್ಳು ಹೇಳಬಾರದು. ಆದರೆ ಆ ಎರಡು ಗಂಟೆ ಯಾರ ತೊಡೆಯ ಮೇಲೆ ಯಾರ ಮಗು ಮಲಗಿತ್ತೋ ಯಾರೂ ಕೇಳಲಿಲ್ಲ. ಪೆಟ್ರೋಮ್ಯಾಕ್ಸ್ ಬಂತು. ನೋಡಿದರೆ ಕೃಷ್ಣನ ನೀಲಿಯೆಲ್ಲ ಕುತ್ತಿಗೆಗೆ ಇಳಿದು ಮುಖದಲ್ಲಿ ನಮ್ಮ ಪೋಸ್ಟ್‌ಮ್ಯಾನ್ ಕಾಣುತ್ತಿದ್ದ. ಹೊಸ ಮಣ್ಣಿನ ವಾಸನೆ ಬಡಿಯುತ್ತಿದ್ದಂತೆ ಗಂಡಸರ ಮಾತು ಬೇರೆ ಕಡೆ ತಿರುಗಿತು. ಹಸ್ತಿನಾಪುರ ಅಲ್ಲೇ ಬಿಟ್ಟು ಭೀಷ್ಮನೇ ಕೇಳಿದ: “ಬಿತ್ತನೆ ಎಳ್ಳು ಯಾರತ್ರ ಐತ್ರಪ್ಪ?” ಹೆಸರು ಯಾವ ಹೊಲಕ್ಕೆ, ನೇಗಿಲು ಯಾರದು, ನಾಳೆ ಎತ್ತು ಸಿಕ್ಕೀತೇ!

ಎರಡನೇ ದುರ್ಯೋಧನ ಮಾತ್ರ ಕಿರೀಟ ತೆಗೆದಿರಲಿಲ್ಲ. “ಮೇಷ್ಟ್ರೇ, ಇಲ್ಲೇ ಮಾಡಾಣ. ಒಂದು ಗಂಟೆ ಸಾಕು.”

“ಪೆಟ್ಟಿಗೆ ನೆಂದೈತೆ ಕಣಪ್ಪ. ಸ್ವರ ಏಳಲ್ಲ.”

ಬೆಳಿಗ್ಗೆ ನಾನು ಹಾಲು ತರಲು ಹೋದಾಗ ಅವನು ಹೊಲದಲ್ಲಿ ಆರು ಕಟ್ಟಿದ್ದ. ಮುಖದ ಬಣ್ಣ ತೊಳೆದಿರಲಿಲ್ಲ, ಅರ್ಧ ಮೀಸೆ ಹಾಗೇ ಇತ್ತು. ಹದ ಆರುವ ಮುಂಚೆ ಉಳಬೇಕಲ್ಲ. ಕಂಬ ಬಿದ್ದು ಲೈನು ಹರಿದಿದ್ದರಿಂದ ಆ ಭಾನುವಾರ ಟಿವಿಯೂ ಇಲ್ಲ. ಒಂದೇ ವಾರದಲ್ಲಿ ಊರಿಗೆ ಎರಡೂ ಮಹಾಭಾರತ ತಪ್ಪಿದವು.

ಜಗಳ ಶುರುವಾದದ್ದು ಸೋಮವಾರ. ಪಾತ್ರದ ದುಡ್ಡು ವಾಪಸು ಕೊಡಿ ಎಂದು ಇವನು. ಖರ್ಚಾದ ದುಡ್ಡು ಎಲ್ಲಿಂದ ತರುವುದು ಎಂದು ಸಮಿತಿಯವರು. ಮುಯ್ಯಿಗೆಂದು ಒಂದೊಂದು ಹಾಡನ್ನೂ ಎಳೆದು ಎಳೆದು ರಾತ್ರಿಯನ್ನೆಲ್ಲ ಮೊದಲನೆಯವನು ನುಂಗಿದ ಎಂದು ಇವನ ಕಡೆಯವರು. ಮಳೆಯನ್ನು ನಾನು ಕರೆಸಿದೆನೇ ಎಂದು ವ್ಯಾಪಾರಿ. ಅರಸೀಕೆರೆ ಕಡೆಯ ಮಾವ ಬೇರೆ ಹೇಳಿಕಳಿಸಿದರು: ಉಂಗುರ ಮಾಡಿಸಿದ್ದಾಗಿದೆ, ಮನೆಗೆ ಕೊಟ್ಟು ಕಳಿಸಿದರೆ ಮುಯ್ಯಿ ಆಗುವುದಿಲ್ಲ, ನಾಲ್ಕು ಜನರ ಮುಂದೆ ಹಾಕಬೇಕು. ಮಂಡಲ ಪ್ರಧಾನರು ಮೂರು ಸಂಜೆ ಪಂಚಾಯ್ತಿ ಮಾಡಿ ಒಂದು ದಾರಿ ಹುಡುಕಿದರು. ಜನ ಸೇರಿಸಲು ಇನ್ನೊಂದು ನಾಟಕದ ಖರ್ಚು ಯಾಕೆ? ಭಾನುವಾರ ಜನ ತಾವಾಗೇ ಸೇರಿರುತ್ತಾರಲ್ಲ.

ಮುಂದಿನ ಭಾನುವಾರ ಟಿವಿಯಲ್ಲಿ ಮಹಾಭಾರತ ಮುಗಿಯಿತು. ಪ್ರಧಾನರು ಎದ್ದು ನಿಂತು “ಯಾರೂ ಏಳಬೇಡಿ” ಎಂದರು. ಗದೆ ತಗುಲೀತೆಂದು ಟಿವಿಯನ್ನು ಒಳಗೆ ಸಾಗಿಸಿದರು. ಸೀನರಿ, ಡ್ರೆಸ್ಸು ತುಮಕೂರಿಗೆ ವಾಪಸು ಹೋಗಿದ್ದವು. ದುರ್ಯೋಧನ ಮದುವೆಯ ರೇಷ್ಮೆ ಪಂಚೆ ಉಟ್ಟು, ಡ್ರಾಯಿಂಗ್ ಮೇಷ್ಟ್ರು ರಟ್ಟಿನಲ್ಲಿ ಮಾಡಿಕೊಟ್ಟ ಕಿರೀಟ ಇಟ್ಟು ಕಚೇರಿಯ ಬಾಗಿಲಿಂದ ಹೊರಬಂದ. ಭೀಮನ ಕೈಲಿ ತೆಂಗಿನ ಮಟ್ಟೆ. ಮೇಷ್ಟ್ರು ಬಿಸಿಲಲ್ಲಿ ಒಣಗಿಸಿ ರಿಪೇರಿ ಮಾಡಿದ ಹಾರ್ಮೋನಿಯಂ ಜೊತೆ ಜಗಲಿ ಮೇಲೆ ಕೂತರು. ಹತ್ತು ಗಂಟೆಯ ಬಿಸಿಲಿನಲ್ಲಿ, ಪರದೆಯಿಲ್ಲದೆ, ಮೈಕಿಲ್ಲದೆ ಅವನು ಹಾಡಿದ. ತಮ್ಮಂದಿರನ್ನು, ಕರ್ಣನನ್ನು ಕಳೆದುಕೊಂಡು ಕೊಳದ ದಂಡೆಯಲ್ಲಿ ನಿಲ್ಲುವ ಹಾಡು. ಅಷ್ಟು ದಿನ ದಿನಾ ಕೇಳಿದ್ದ ಅದೇ ಹಾಡು. ಆದರೂ ಹೆಂಗಸರು ಮೂಗು ಒರೆಸಿಕೊಂಡರು. ಅವನ ಹೆಂಡತಿ ಕಂಬಕ್ಕೆ ಒರಗಿ ನಿಂತು ಅವನಿಗಿಂತ ಅರ್ಧ ಮಾತು ಮುಂಚೆಯೇ ತುಟಿ ಆಡಿಸುತ್ತಿದ್ದಳು. ಮಾವ ಎದ್ದು ಬಂದು ಉಂಗುರ ತೊಡಿಸಿ, ನೋಟಿನ ಹಾರ ಹಾಕಿದರು. ಪೋಸ್ಟ್‌ಮ್ಯಾನ್ ಕೃಷ್ಣ ತೊಡೆ ತಟ್ಟಿ ಸನ್ನೆ ಮಾಡಿದ, ಭೀಮ ಮಟ್ಟೆ ಬೀಸಿದ, ದುರ್ಯೋಧನ ಹಾರ ನಲುಗದ ಹಾಗೆ ಹುಷಾರಾಗಿ ಬಿದ್ದ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಹಿಂದಿನ ಸಾಲಿನಿಂದ “ಒನ್ಸ್ ಮೋರ್!” ಎಂದು ಗಡಸು ದನಿ ಕೇಳಿತು. ತಿರುಗಿ ನೋಡಿದರೆ ಮೊದಲನೇ ದುರ್ಯೋಧನ, ಕೊಬ್ಬರಿ ವ್ಯಾಪಾರಿ. ಸತ್ತವನು ಎದ್ದ, ಧೂಳು ಕೊಡವಿಕೊಂಡ, ಮೇಷ್ಟ್ರ ಕಡೆ ನೋಡಿ ತಲೆ ಆಡಿಸಿದ. ಹಾಡು, ಗದೆ, ತೊಡೆ ಎಲ್ಲ ಮೊದಲಿಂದ.

ಟಿವಿಯಲ್ಲಿ ಯುದ್ಧಕ್ಕೆ ಇನ್ನೂ ತಿಂಗಳುಗಟ್ಟಲೆ ಬಾಕಿ ಇತ್ತು. ಮನೆಗೆ ಹೋಗುವಾಗ ನಮ್ಮಜ್ಜಿ ಕೊಡೆ ಊರಿಕೊಂಡು ನಿಂತು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: “ಆ ಡಬ್ಬದೋರು ವರ್ಷಗಟ್ಲೆ ಎಳೀತಾರೆ, ಒಬ್ಬನೂ ಸಾಯಕಿಲ್ಲ. ನಮ್ಮೋನು ನೋಡವ್ವ, ಬೆಳಗಿನ ಊಟದ ಹೊತ್ಗೆ ಎರಡು ಸತಿ ಸತ್ತ.”