ಗೇರ್ ರಾಡ್, ಮೂರು ಬೋಲ್ಟ್, ಒಂದು ವಾಷರ್

ನಮ್ಮ ದೊಡ್ಡಪ್ಪನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅವನ ಹತ್ರ 1996ರ ಮಾಜ್ದಾ ಮಿಯಾಟಾ ಇದೆ. ಎರಡೇ ಸೀಟು, ಟಾಪ್ ಮಡಚಿದ್ರೆ ಮೇಲೆ ಆಕಾಶ. ವಯಸ್ಸಲ್ಲಿ ನನಗಿಂತ ದೊಡ್ಡದು. ಫಸ್ಟ್ ಇಯರ್ ಮುಗಿದ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಅಲ್ಲಿಗೆ ಹೋಗಿದ್ದೆ. ಬಂದಮೇಲೆ ಎಲ್ಲರೂ ಗೋಲ್ಡನ್ ಗೇಟ್ ಬ್ರಿಡ್ಜ್ ಫೋಟೋ ತೋರಿಸು ಅಂದ್ರು. ನನ್ನ ಫೋನ್ ತುಂಬಾ ಇದ್ದಿದ್ದು ಬಿಚ್ಚಿಟ್ಟ ಗೇರ್ ರಾಡ್ ಫೋಟೋಗಳು.

"ಶನಿವಾರ ಶಾರ್ಟ್ ಶಿಫ್ಟರ್ ಹಾಕೋಣ. ನೀನು ಮೆಕ್ಯಾನಿಕಲ್ ತಾನೇ, ಸ್ಪ್ಯಾನರ್ ಹಿಡಿ" ಅಂದ ಅಣ್ಣ. ಅಲ್ಲಿವರೆಗೆ ನಾನು ಸ್ಪ್ಯಾನರ್ ಹಿಡಿದಿದ್ದು ಕಾಲೇಜಿನ ವರ್ಕ್‌ಶಾಪ್‌ನಲ್ಲಿ, ಅದೂ ಫೋಟೋಗೆ. ಆದ್ರೂ ಹೂಂ ಅಂದೆ.

ಅಪ್ಪನ ವ್ಯಾಗನ್‌ಆರ್‌ನಲ್ಲಿ ಗೇರ್ ಬಾಕ್ಸ್ ಮುಂದೆ ಎಂಜಿನ್ ಪಕ್ಕ ಇರುತ್ತೆ, ಗೇರ್ ರಾಡ್‌ನಿಂದ ಅಲ್ಲಿಗೆ ಕೇಬಲ್ ಹೋಗುತ್ತೆ. ಮಿಯಾಟಾದಲ್ಲಿ ಎಂಜಿನ್ ಉದ್ದಕ್ಕೆ ಕೂತಿದೆ, ಹಿಂದಿನ ಚಕ್ರ ಓಡಿಸುತ್ತೆ, ಗೇರ್ ಬಾಕ್ಸ್ ಡ್ರೈವರ್ ಪಕ್ಕಕ್ಕೇ ಬರುತ್ತೆ. ರಾಡ್ ನೇರ ಅದರೊಳಗೆ ಇಳಿಯುತ್ತೆ, ನಡುವೆ ಕೇಬಲ್ ಇಲ್ಲ. ರಾಡ್ ನಡುವೆ ಒಂದು ಗುಂಡು ಇದೆ, ಅದೇ ಪಿವಟ್. ನೀವು ಮೇಲೆ ಹಿಂದಕ್ಕೆ ಎಳೆದ್ರೆ ಕೆಳಗಿನ ತುದಿ ಮುಂದಕ್ಕೆ ಹೋಗುತ್ತೆ.

ಅಮ್ಮ ಕಾಫಿ ಹಿಡ್ಕೊಂಡು ಗ್ಯಾರೇಜ್ ಬಾಗಿಲಲ್ಲಿ ನಿಂತಿದ್ದಳು. "ಇದು ಸನ್ನೆಕೋಲು ಅಲ್ವೇನೋ? ನಾವು ಸ್ಕೂಲಲ್ಲಿ ಓದಿದ್ವಿ" ಅಂದಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಆ ಪದ ಅವತ್ತೇ ಗೊತ್ತಾಗಿದ್ದು.

ಲೆಕ್ಕ ಸುಲಭ. ಪಿವಟ್‌ನಿಂದ ಮೇಲೆ 20 ಸೆಂ.ಮೀ., ಕೆಳಗೆ 5 ಸೆಂ.ಮೀ. ಅಂದ್ಕೊಳ್ಳಿ. ಕೆಳಗಿನ ತುದಿ 1 ಸೆಂ.ಮೀ. ಸರಿಯೋಕೆ ಕೈ 4 ಸೆಂ.ಮೀ. ಹೋಗ್ಬೇಕು. ಪಿವಟ್ ಒಂದೇ ಒಂದು ಸೆಂ.ಮೀ. ಮೇಲೆ ಮಾಡಿ. ಈಗ ಮೇಲೆ 19, ಕೆಳಗೆ 6. ಕೈ ಸುಮಾರು 3.2 ಸೆಂ.ಮೀ. ಹೋದ್ರೆ ಸಾಕು. ಶಾರ್ಟ್ ಶಿಫ್ಟರ್ ಅಂದ್ರೆ ಇಷ್ಟೇ. ಆದ್ರೆ ದೂರ ಐದರಲ್ಲೊಂದು ಭಾಗ ಕಮ್ಮಿ ಆದ್ರೆ, ಒತ್ತಬೇಕಾದ ಬಲ ಕಾಲು ಭಾಗ ಜಾಸ್ತಿ ಆಗುತ್ತೆ. ಪುಕ್ಕಟೆ ಏನೂ ಸಿಗಲ್ಲ.

ಗಾಡಿ ಪೂರ್ತಿ ತಣ್ಣಗಾಗೋವರೆಗೆ ಕಾದ್ವಿ. ನಾಬ್ ತಿರುಗಿಸಿ ತೆಗೆದ್ವಿ, ಕನ್ಸೋಲ್ ಬಿಚ್ಚಿದ್ವಿ. ಒಳಗಿನ ರಬ್ಬರ್ ಬೂಟ್ ಹರಿದುಹೋಗಿತ್ತು. ಅದರ ಕೆಳಗೆ ಮೂರು ಬೋಲ್ಟ್. ಬಿಚ್ಚಿ ಮೇಲಕ್ಕೆ ಎಳೆದ್ರೆ ರಾಡ್ ಕಪ್ಪು ಎಣ್ಣೆ ಸುರಿಸ್ಕೊಂಡು ಬಂತು. ತುದಿಯಲ್ಲಿದ್ದ ಚಿಕ್ಕ ನೈಲಾನ್ ಬುಷ್ ಸವೆದು ಅಲ್ಲಾಡ್ತಿತ್ತು. ಹಳೇ ಎಣ್ಣೆಯನ್ನ ಸಿರಿಂಜ್‌ನಲ್ಲಿ ಎಳೀಬೇಕಿತ್ತು. ಅಷ್ಟರಲ್ಲಿ ಅಣ್ಣನಿಗೆ ಆಫೀಸ್ ಕಾಲ್ ಬಂತು. "ಏನೂ ಮುಟ್ಬೇಡ" ಅಂತ ಹೇಳಿ ಒಳಗೆ ಹೋದ.

ನಾನು ಮುಟ್ಟಿದೆ. ಬೋಲ್ಟ್‌ಗಳನ್ನ ಒರೆಸಿ ಜೋಡಿಸೋಣ ಅಂತ ಕೈಗೆ ತಗೊಂಡೆ. ಎಣ್ಣೆ ಕೈ. ಒಂದು ವಾಷರ್ ಜಾರಿ ಟಣ್ ಅಂತ ಆ ತೂತಿನೊಳಗೆ ಬಿತ್ತು.

ಟಾರ್ಚ್ ಬಿಟ್ಟು ನೋಡಿದೆ. ಕಪ್ಪು ಎಣ್ಣೆ ಬಿಟ್ರೆ ಏನೂ ಕಾಣ್ಲಿಲ್ಲ. ಡಬ್ಬಿಯಲ್ಲಿ ಅದೇ ಥರದ ವಾಷರ್ ಬೇಕಾದಷ್ಟಿತ್ತು. ಒಂದು ತೆಗೆದು ಇಟ್ಟೂಬಿಟ್ಟೆ. ಈಗ ಮೂರು ಬೋಲ್ಟ್, ಮೂರು ವಾಷರ್. ಯಾರಿಗೂ ಗೊತ್ತಾಗಲ್ಲ.

ಇದು ನನಗೆ ಅಭ್ಯಾಸ ಆಗಿರೋ ಕೆಲಸ. ನಿಮಗೂ ಗೊತ್ತು. ಫಿಸಿಕ್ಸ್ ಲ್ಯಾಬ್‌ನಲ್ಲಿ ಎಲ್‌ಇಡಿ ಇಟ್ಟು ಪ್ಲಾಂಕ್ ಸ್ಥಿರಾಂಕ ಕಂಡುಹಿಡೀಬೇಕು. ಉತ್ತರ 6.626 ಅಂತ ಮೊದಲೇ ಗೊತ್ತು. ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ಬರೀತೀವಿ. ಗ್ರಾಫ್ ಗೆರೆ ಎಳೆದ ಹಾಗೆ ನೇರ ಬರುತ್ತೆ, ರೆಕಾರ್ಡ್‌ಗೆ ಸೈನ್ ಬೀಳುತ್ತೆ.

ಆದ್ರೆ ಈ ಗಾಡಿಯಲ್ಲಿ ಸೋಮವಾರ ಅಣ್ಣ ಫ್ರೀವೇನಲ್ಲಿ ಹೋಗ್ತಾನೆ. ರಾಡ್ ತುದಿಗೆ ಆ ವಾಷರ್ ಸಿಕ್ಕಿಹಾಕ್ಕೊಂಡು ಗೇರ್ ಬೀಳದೇ ಇದ್ರೆ? ಹತ್ತು ನಿಮಿಷ ಕೂತೆ. ಆಮೇಲೆ ಒಳಗೆ ಹೋಗಿ, ಅವನು ಕಾಲ್‌ನಲ್ಲಿ ಇರುವಾಗಲೇ ಸನ್ನೆ ಮಾಡಿ ಕರೆದೆ.

ಅಣ್ಣ ಬೈಯ್ಲಿಲ್ಲ. ರೇಡಿಯೋ ಆಂಟೆನಾ ಥರ ಉದ್ದ ಆಗೋ ಒಂದು ಮ್ಯಾಗ್ನೆಟ್ ಕೊಟ್ಟು, "ನೀನೇ ತೆಗಿ" ಅಂದ. ಎಣ್ಣೆ ಪೂರ್ತಿ ಎಳೆದು, ಮೀನು ಹಿಡಿಯೋ ಹಾಗೆ ಆಡಿಸಿ ಆಡಿಸಿ ಮುಕ್ಕಾಲು ಗಂಟೆ. ಕೊನೆಗೆ ಟಕ್ ಅಂತು. ಪರೀಕ್ಷೆ ಪಾಸಾದಾಗಲೂ ಅಷ್ಟು ಖುಷಿ ಆಗಿರ್ಲಿಲ್ಲ.

ಹೊಸ ಬುಷ್, ಹೊಸ ರಾಡ್, ಹೊಸ ಬೂಟ್, ಹೊಸ ಎಣ್ಣೆ. ಕನ್ಸೋಲ್ ಮುಚ್ಚೋ ಮೊದಲು ಎಲ್ಲಾ ಗೇರ್ ಹಾಕಿ ನೋಡಿದ್ವಿ. ಸಂಜೆ ಒಂದು ರೌಂಡ್ ಹೋದ್ವಿ. ಮಣಿಕಟ್ಟು ಅಲ್ಲಾಡಿಸಿದ್ರೆ ಸಾಕು, ಟಕ್ ಟಕ್ ಅಂತ ಬೀಳ್ತಿತ್ತು, ಸ್ವಲ್ಪ ಬಿಗಿ. ಅಣ್ಣ ಎರಡನೇ ಗೇರ್‌ಗೆ ನಿಧಾನವಾಗೇ ಹಾಕ್ತಿದ್ದ. ಯಾಕೆ ಅಂದೆ. "ರಾಡ್ ಗಿಡ್ಡ ಆದ್ರೆ ಒಳಗಿರೋ ಸಿಂಕ್ರೊ ರಿಂಗ್‌ಗೆ ಗೊತ್ತಾಗುತ್ತಾ? ಉಜ್ಜಿ ಎರಡೂ ಕಡೆ ಸ್ಪೀಡ್ ಸಮ ಮಾಡೋಕೆ ಅದರ ಟೈಮ್ ಅದಕ್ಕೆ ಬೇಕು. ಅವಸರ ಮಾಡಿದ್ರೆ ಅದೇ ಸವೆಯೋದು."

ಈ ಸೆಮಿಸ್ಟರ್ ಲ್ಯಾಬ್‌ನಲ್ಲಿ ಒಂದು ರೀಡಿಂಗ್ ಗೆರೆಯಿಂದ ದೂರ ಬಂತು. ಹಾಗೇ ಬರೆದೆ. ಮೇಡಂ ಎರಡು ಮಾರ್ಕ್ಸ್ ಕಟ್ ಮಾಡಿ, ಯಾಕೆ ಹೀಗೆ ಬಂತು ಹುಡುಕು ಅಂದ್ರು. ಹುಡುಕ್ತಾ ಇದೀನಿ. ಮ್ಯಾಗ್ನೆಟ್ ಇಲ್ಲ ಅಷ್ಟೇ.